ಶ್ರುತಿ ತಪ್ಪದ ಸವತಿ

ಆ ಊರಿನಲ್ಲಿ ಹೂವು ರಾಣಿಗೆ, ಚಪ್ಪಲಿ ಸವತಿಗೆ.

ವರ್ಷಕ್ಕೊಮ್ಮೆ, ಗಾಳಿ ದಿಕ್ಕು ಬದಲಿಸುವ ದಿನ, ಇಡೀ ಊರು ಕಲ್ಲಿನ ರಂಗದ ಮುಂದೆ ಕೂತು ಒಂದೇ ಹಾಡಿನಾಟ ನೋಡುತ್ತಿತ್ತು. ಆಟದಲ್ಲಿ ಇಬ್ಬರು ಹೆಂಗಸರು. ಒಬ್ಬಳು ಪಟ್ಟದರಾಣಿ, ಇನ್ನೊಬ್ಬಳು ಅವಳ ಸವತಿ. ರಾಣಿ ಅಳುತ್ತಾಳೆ, ಸವತಿ ನಗುತ್ತಾಳೆ. ರಾಣಿಯ ಬಳೆ, ರಾಣಿಯ ಹಾಸಿಗೆ, ರಾಣಿಯ ಸಿಂಹಾಸನ ಎಲ್ಲವನ್ನೂ ಸವತಿ ಕದಿಯುತ್ತಾಳೆ. ಕಥೆ ಎಲ್ಲರಿಗೂ ಗೊತ್ತು, ಗೊತ್ತಿದ್ದೇ ನೋಡುತ್ತಿದ್ದರು. ರಾಣಿ ಹಾಡಿದಾಗ ಹೂವು ಎಸೆಯುತ್ತಿದ್ದರು. ಸವತಿ ಹಾಡಿದಾಗ ಕಾಲಿನ ಚಪ್ಪಲಿ ಕಳಚಿ ಎಸೆಯುತ್ತಿದ್ದರು. ಹೆಚ್ಚು ಚಪ್ಪಲಿ ಬಿದ್ದರೆ ಹೆಚ್ಚು ಮೆಚ್ಚಿದರು ಅಂತ ಅರ್ಥ. ಅಲ್ಲಿಗೆ ನಿಂತಿದ್ದರೆ ಅದು ಎಲ್ಲ ಊರಿನಂಥ ಊರೇ ಆಗುತ್ತಿತ್ತು.

ಅಲ್ಲಿಗೆ ನಿಲ್ಲುತ್ತಿರಲಿಲ್ಲ.

ಆಟ ಮುಗಿದ ಮೇಲೆ ಬಣ್ಣ ತೊಳೆಯುವುದು ಊರಿನ ಕೆಲಸ. ವೇಷ ಹಾಕಿದವರು ತಮ್ಮ ಕೈಯಿಂದ ತಾವೇ ತೊಳೆದುಕೊಳ್ಳುವಂತಿಲ್ಲ. ರಾಣಿಯ ಮುಖದ ಅರಿಶಿನವನ್ನು ಮುತ್ತೈದೆಯರು ಬಿಸಿನೀರು ಕಾಯಿಸಿ ತಂದು ತೊಳೆಯುತ್ತಾರೆ. ಸವತಿಯ ಮುಖದ ನೀಲಿಯನ್ನು ತೊಳೆಯಬೇಕಾದರೆ ಮೊದಲು ಜನರ ನಡುವಿನಿಂದ ಯಾರಾದರೂ ಎದ್ದು ‘ಇದು ವೇಷ’ ಅನ್ನಬೇಕು. ಒಬ್ಬರು ಅಂದರೆ ಸಾಕು, ನೀರು ಬರುತ್ತದೆ. ಯಾರೂ ಅನ್ನದೆ ಹೋದರೆ ನೀಲಿ ಉಳಿಯುತ್ತದೆ. ನೀಲಿ ಉಳಿದವಳು ಸವತಿಯೇ. ಅವಳು ಯಾರ ಮನೆಯ ಹೊಸ್ತಿಲನ್ನೂ ತುಳಿಯಬಾರದು, ತನ್ನ ಮನೆಯ ಹೊಸ್ತಿಲನ್ನೂ. ರಂಗದ ಮೆಟ್ಟಿಲ ಮೇಲೆ ಕೂತಿರಬೇಕು, ಇನ್ನೊಬ್ಬಳು ತನಗಿಂತ ಚೆನ್ನಾಗಿ ಹಾಡಿ ನೀಲಿಯಾಗುವ ತನಕ.

ಕೆಟ್ಟದಾಗಿ ಹಾಡಿದವಳನ್ನು ನೋಡಿ ನಕ್ಕು ‘ವೇಷ, ವೇಷ’ ಅನ್ನುವುದು ಸುಲಭ. ಆದ್ದರಿಂದ ಸವತಿಯಾದವರೆಲ್ಲ ಬೇಕೆಂದೇ ಶ್ರುತಿ ತಪ್ಪಿ ಹಾಡುತ್ತಿದ್ದರು, ಮುಖ ತೊಳೆಸಿಕೊಂಡು ಮನೆಗೆ ಹೋಗಿ ಮುದ್ದೆ ತಿರುವುತ್ತಿದ್ದರು. ಶ್ರುತಿ ತಪ್ಪುವುದನ್ನು ಕಲಿಸಲು ಊರಿನಲ್ಲಿ ಒಬ್ಬ ಹಾರ್ಮೋನಿಯಂ ಮಾಸ್ತರನಿದ್ದ. ರಾಣಿಯ ಪಾತ್ರ ಯಾವಾಗಲೂ ಯಜಮಾನನ ಮನೆಗೆ. ಸವತಿಯ ಪಾತ್ರ ಯಾವಾಗಲೂ ಗಂಡಸಿಲ್ಲದ ಮನೆಗೆ. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಆ ಊರಿನಲ್ಲಿ ಕೇಳುವ ಪದ್ಧತಿ ಇರಲಿಲ್ಲ.

ಆ ವರ್ಷ ಪಾತ್ರ ಬಂದದ್ದು ಒಬ್ಬ ಹಸಿಬಾಣಂತಿಗೆ. ಅವಳ ಗಂಡ ಕಲ್ಲು ಒಡೆಯುವಾಗ ಕಲ್ಲಿನಡಿಗೇ ಹೋಗಿದ್ದ. ಮನೆಯಲ್ಲಿ ಅವಳು, ಅವಳ ತಂಗಿ, ತೊಟ್ಟಿಲಲ್ಲಿ ಹೆಣ್ಣುಮಗು.

“ಮೂರನೇ ನುಡಿ ಬಂದಾಗ ದನಿ ಸಡಿಲ ಬಿಡು,” ಎಂದ ಮಾಸ್ತರ. “ಬಿಟ್ಟರೆ ಅದಾಗೇ ಜಾರುತ್ತೆ. ಜನ ನಗ್ತಾರೆ. ನೀನು ಮನೆಗೆ ಹೋಗ್ತೀಯ.”

“ಜಾರದೆ ಹೋದರೆ?”

“ಜಾರದೆ ಹೋಗೋಕೆ ನೀನೇನು ಗಂಧರ್ವರ ಮನೆಯವಳೇನವ್ವ? ಜಾರುತ್ತೆ ಬಿಡು.”

ಅವಳು ತೊಟ್ಟಿಲು ತೂಗುತ್ತ ಜಾರುವುದನ್ನೇ ಕಲಿತಳು. ದಿನವೂ ಕಲಿತಳು. ಚೆನ್ನಾಗಿಯೇ ಕಲಿತಳು.

ಆಟದ ದಿನ ಹೊತ್ತು ಇಳಿಯುವಾಗ ಯಜಮಾನನ ಸೊಸೆ, ಅಂದರೆ ಪಟ್ಟದರಾಣಿ, ಅರಿಶಿನ ಹಚ್ಚಿಕೊಂಡು ರಂಗಕ್ಕೆ ಬಂದು ಹಾಡಿದಳು. ತಗಡಿನ ಮೇಲೆ ಮೊಳೆ ಎಳೆದ ಹಾಗೆ ಹಾಡಿದಳು. ಜನ ‘ಆಹಾ’ ಎಂದರು. ಇನ್ನೊಂದು ನುಡಿ ಹಾಡಿದಳು, ಅದು ಮೊದಲಿನದಕ್ಕಿಂತ ಕಡೆ. ಜನ ‘ಆಹಾಹಾ’ ಎಂದು ಕಣ್ಣೊರೆಸಿಕೊಂಡರು. ಹೂವಿನ ರಾಶಿ ಅವಳ ಮೊಣಕಾಲು ಮುಟ್ಟಿತು. ನೀಲಿ ಹಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದ ಬಾಣಂತಿ ಆ ಹೂವು ನೋಡಿದಳು. ತನ್ನ ಓಣಿಯ ಹೆಂಗಸರು, ಬೆಳಗಿನಿಂದ ಸಂಜೆಯವರೆಗೆ ಕಲ್ಲು ಹೊರುವವರು, ಅವರೂ ಹೂವು ಎಸೆದು ಅಳುತ್ತಿದ್ದುದನ್ನು ನೋಡಿದಳು. ಕಣ್ಣು ತೆಗೆಯದೆ ನೋಡುತ್ತಿದ್ದ ಹಾಗೇ ಅವಳ ಸರದಿ ಬಂತು.

ಕದ್ದೆ ನಿನ್ನ ಕೈಯ ಬಳೆಯ,
ಕದ್ದೆ ನಿನ್ನ ಹಾಸಿನ ಬಿಸಿಯ,
ಕದ್ದೆನೆಂದು ನಗುವೆ ನಾನು,
ಬಾಗಿಲು ತೆರೆದಿಟ್ಟೆ ನೀನು.

ಮೂರನೇ ನುಡಿ ಬಂತು. ದನಿ ಸಡಿಲ ಬಿಡಬೇಕಿತ್ತು. ಅವಳು ಬಿಡಲಿಲ್ಲ. ಬಿಡಬೇಕೆಂಬುದು ಅವಳಿಗೆ ಮರೆತೇಹೋಯಿತು. ಕಟ್ಟಿದ ಹಗ್ಗದ ಮೇಲೆ ನಡೆಯುವವಳ ಹಾಗೆ ದನಿ ಶ್ರುತಿಯ ಮೇಲೆ ನಡೆಯಿತು, ಓಡಿತು, ಅಲ್ಲೇ ನಿಂತು ನಕ್ಕಿತು. ಮಾಸ್ತರ ಬೇಕೆಂದೇ ತಪ್ಪು ಸ್ವರ ಒತ್ತಿ ಅವಳನ್ನು ಕೆಳಗೆಳೆಯಲು ನೋಡಿದ. ಆಗಲಿಲ್ಲ. ಹಾರ್ಮೋನಿಯಂ ತಾನೇ ನಾಚಿಕೊಂಡು ಅವಳ ಹಿಂದೆ ಹೋಯಿತು.

ಮೊದಲ ಚಪ್ಪಲಿ ಬಿತ್ತು. ಆಮೇಲೆ ಮಳೆ ಬಂದ ಹಾಗೆ ಚಪ್ಪಲಿ. ಎಕ್ಕಡ, ಹಾವುಗೆ, ಮಕ್ಕಳ ಪುಟಾಣಿ ಮೆಟ್ಟು, ಯಜಮಾನನ ಕಿರಿಗುಡುವ ಜೋಡು. ಅಂಥ ಮರ್ಯಾದೆಯನ್ನು ಆ ಊರು ಯಾವ ಸವತಿಗೂ ಮಾಡಿರಲಿಲ್ಲ. ಆಟ ಮುಗಿಯಿತು. ಅವಳು ಚಪ್ಪಲಿ ರಾಶಿಯ ನಡುವೆ ಉಸಿರು ಬಿಡುತ್ತ ನಿಂತು ಕಾದಳು.

ಯಾರೂ ‘ಇದು ವೇಷ’ ಅನ್ನಲಿಲ್ಲ.

“ಅಣ್ಣಂದಿರಾ,” ಎಂದಳು. “ಮಗು ಹಸಿದಿರುತ್ತೆ.”

ಜನ ಬರಿಗಾಲಿನಲ್ಲಿ ಎದ್ದು ಮನೆಗೆ ಹೋದರು. ಗುಂಪಿನಲ್ಲಿ ಅವಳ ತಂಗಿಯೂ ಇದ್ದಳು. ತಂಗಿ ಬಾಯಿ ತೆರೆದಳು. ಪಕ್ಕದಲ್ಲಿದ್ದ ಹಿಟ್ಟಿನ ಗಿರಣಿಯವನು, “ಸವತಿಯ ತಂಗಿ ಅನ್ನಿಸಿಕೋಬೇಕಾ?” ಎಂದ. ತಂಗಿ ಬಾಯಿ ಮುಚ್ಚಿದಳು.

ಬೆಳಗಾಯಿತು. ನೀಲಿ ಹೆಪ್ಪುಗಟ್ಟಿ ಮುಖದ ಮೇಲೆ ಕೂತಿತ್ತು. ಅವಳ ಎದೆ ಹಾಲು ತುಂಬಿ ಕಲ್ಲಾಗಿತ್ತು, ರವಿಕೆ ಒದ್ದೆಯಾಗಿ ಗಾಳಿಗೆ ಒಣಗಿ ಮತ್ತೆ ಒದ್ದೆಯಾಗಿತ್ತು. ಆಗ ಜನ ಬಂದರು, ಸಾಲಾಗಿ ಬಂದರು. ಅವಳು ಎದ್ದು ನಿಂತಳು, ನೀರು ತಂದರು ಅಂದುಕೊಂಡು. ಅವರ ಕೈ ಖಾಲಿ ಇತ್ತು.

ಪದ್ಧತಿಯ ಇನ್ನೊಂದು ತುದಿ ಅದು. ನೀಲಿ ಉಳಿದವಳಿಗೆ ಚಪ್ಪಲಿ ಎಸೆದವರು ತಮ್ಮ ಚಪ್ಪಲಿಯನ್ನು ಸುಮ್ಮನೆ ವಾಪಸು ತೆಗೆದುಕೊಳ್ಳುವಂತಿಲ್ಲ. ತಾವು ಮಾಡಿದ ಒಂದು ಕೆಟ್ಟ ಕೆಲಸವನ್ನು ಸವತಿಯ ಮೇಲೆ ಹೊರಿಸಬೇಕು. ‘ನಾನು ಮಾಡಿದೆ’ ಅನ್ನುವ ಕಡೆ ‘ನೀನು ಮಾಡಿದೆ’ ಅನ್ನಬೇಕು. ಅಂದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹಗುರಾಗಿ ಹೋಗಬಹುದು. ಎಷ್ಟೋ ವರ್ಷದಿಂದ ಸವತಿಯರೆಲ್ಲ ಕೆಟ್ಟದಾಗಿ ಹಾಡಿ ತಪ್ಪಿಸಿಕೊಂಡಿದ್ದರಿಂದ ಊರಿನ ಮನೆಮನೆಯಲ್ಲೂ ಹೊರಿಸಲು ಜಾಗವಿಲ್ಲದ ಕೆಲಸಗಳು ಕೊಳೆಯುತ್ತ ಬಿದ್ದಿದ್ದವು. ಊರು ಒಳ್ಳೆಯ ಸವತಿಗಾಗಿ ಹಸಿದಿತ್ತು.

ಯಜಮಾನ ಮೊದಲು ಬಂದ. ಶಲ್ಯ ಸರಿಮಾಡಿಕೊಂಡು, ಮದುವೆಯಲ್ಲಿ ಮಾತಾಡುವವನ ಹಾಗೆ ಹೇಳಿದ. “ನೀನು ಊರ ಬಾವಿಯ ಗಡಿಕಲ್ಲು ಕಿತ್ತೆ. ಕಿತ್ತು ಬಾವಿಯ ಆಚೆ ನೆಟ್ಟೆ. ಬಾವಿ ನಮ್ಮ ಹಿತ್ತಿಲೊಳಗೆ ಬಂದುಬಿಟ್ಟಿತು. ನಾವೇನು ಮಾಡೋಕಾಗುತ್ತೆ?”

“ಯಜಮಾನ್ರೇ, ಮಗು…”

ಅವನು ಆಗಲೇ ಜೋಡು ಮೆಟ್ಟಿ ಕಿರಿಗುಡಿಸುತ್ತ ಹೊರಟಿದ್ದ.

ಪಟ್ಟದರಾಣಿ ಬಂದಳು. ಮುಡಿಯಲ್ಲಿ ನಿನ್ನೆಯ ಹೂವು ಇನ್ನೂ ಇತ್ತು. “ನೀನು ನಮ್ಮತ್ತೇನ ಹಿಂದಿನ ಕೋಣೆಗೆ ನೂಕಿ ಬೀಗ ಹಾಕಿದೆ. ಅವರಿಗೆ ಹುಚ್ಚು ಅಂತ ಊರಿಗೆಲ್ಲ ಹೇಳಿದೆ. ಗಡಿಕಲ್ಲಿನ ವಿಷಯ ಅವರು ಕೂಗಾಡ್ತಿದ್ದರು ಅಂತ ಹಾಗೆ ಮಾಡಿದೆ.” ಎಲ್ಲವನ್ನೂ ಒಂದೇ ಉಸಿರಿನಲ್ಲಿ ಅಂದು, “ಚೆನ್ನಾಗಿ ಹಾಡಿದೆ ಕಣೇ ನಿನ್ನೆ,” ಎಂದು ಸಣ್ಣ ದನಿಯಲ್ಲಿ ಸೇರಿಸಿದಳು.

ಗಿರಣಿಯವನು ಬಂದ. “ನೀನು ಜೋಳದ ಹಿಟ್ಟಿಗೆ ಬಿಳಿ ಕಲ್ಲಿನ ಪುಡಿ ಬೆರೆಸಿದೆ.” ರಾಶಿಯಲ್ಲಿ ಕೈಯಾಡಿಸಿ ತನ್ನದಕ್ಕಿಂತ ಚೆನ್ನಾಗಿದ್ದ ಒಂದು ಜೊತೆ ಆರಿಸಿ ಮೆಟ್ಟಿಕೊಂಡ. ಹಿಂದಿದ್ದವನು, “ಏಯ್, ಅದು ನಂದು!” ಎಂದ. ಗಿರಣಿಯವನು ಸವತಿಯ ಕಡೆ ಬೊಟ್ಟು ಮಾಡಿ, “ಇದನ್ನೂ ಅವಳೇ ಮಾಡಿದ್ದು,” ಎಂದ. ಸಾಲಿಗೆ ಸಾಲೇ ನಕ್ಕಿತು.

ಬಂದರು, ಹೇಳಿದರು, ಮೆಟ್ಟಿದರು, ಹೋದರು. ನೀನು ತಮ್ಮನಿಗೆ ಸುಳ್ಳು ಹೇಳಿ ಊರು ಬಿಡಿಸಿದೆ. ನೀನು ನೆರೆಮನೆಯ ಕರುವಿಗೆ ಗಾಜು ತಿನ್ನಿಸಿದೆ. ನೀನು ನನ್ನ ಹೆಂಡತಿಗೆ ಹೊಡೆದೆ, ನೀನು ನನ್ನ ಹೆಂಡತಿಗೆ ಹೊಡೆದೆ, ನೀನು ನನ್ನ ಹೆಂಡತಿಗೆ ಹೊಡೆದೆ. ಹಾಗೆ ಅಂದವರೇ ಬಹಳ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ ‘ಇದು ವೇಷ ಅನ್ನಿ, ಒಬ್ಬರು ಅಂದರೆ ಸಾಕು’ ಎಂದಷ್ಟೇ ಕೇಳಿಕೊಂಡಳು. ಅವರು ಅವಳ ಮುಖದ ಬದಲು ರಾಶಿಯಲ್ಲಿ ತಮ್ಮ ಚಪ್ಪಲಿ ನೋಡಿದರು.

ಸಾಲಿನ ಕೊನೆಗೆ ಅವಳ ತಂಗಿ ಬಂದಳು. ಬರಿಗಾಲು ಕಲ್ಲು ತಾಗಿ ರಕ್ತವಾಗಿತ್ತು.

“ನೀನೂ ಎಸೆದೆಯಾ?”

“ಎಲ್ಲರೂ ಎಸೀತಿದ್ದರು ಅಕ್ಕಾ. ಅಷ್ಟು ಚೆನ್ನಾಗಿ ಹಾಡಿದೆ ನೀನು.”

“ಮಗು?”

ತಂಗಿ ನೆಲ ನೋಡುತ್ತ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. “ನೀನು ರಾತ್ರಿ ಮನೆಯೊಳಗೆ ಬಂದೆ. ಮಗುವಿಗೆ ಅಂತ ಇಟ್ಟಿದ್ದ ಮೇಕೆ ಹಾಲು ಕುಡಿದುಬಿಟ್ಟೆ.” ಆಮೇಲೆ ಅಳು ತಡೆಯಲಾರದೆ, “ನನಗೂ ಹಸಿವಾಗಿತ್ತಕ್ಕಾ. ಈಗ ಅದು ಅಳೋದನ್ನೂ ನಿಲ್ಲಿಸಿಬಿಟ್ಟಿದೆ. ಬಾಯಿ ಮಾತ್ರ ಆಡಿಸ್ತಿದೆ,” ಎಂದಳು.

ಗಾಳಿ ಉಳಿದಿದ್ದ ಕೊನೆಯ ಜೊತೆ ಚಪ್ಪಲಿಯ ಮೇಲೆ ಸುಳಿದಾಡಿತು.

“ನಾನು ಮನೆಯೊಳಗೆ ಬಂದೆನಾ?”

“ಹಾಗಂತ ಹೇಳಬೇಕಲ್ಲಕ್ಕಾ.”

“ಹೇಳಿದೆಯಲ್ಲ. ಆಯಿತು. ಹೊಸ್ತಿಲು ದಾಟಿ ಬಂದೆ. ತೊಟ್ಟಿಲ ಪಕ್ಕದಲ್ಲೇ ಹಾಲಿನ ಚೊಂಬು. ಚೊಂಬು ಎತ್ತಿ ಕುಡಿದೆ. ಎದೆ ಒಡೆದುಹೋಗೋ ಹಾಗಿದ್ದವಳು ತೊಟ್ಟಿಲಲ್ಲಿದ್ದ ನನ್ನ ಮಗಳನ್ನು ಎತ್ತಿಕೊಳ್ಳದೆ ಹಾಗೇ ವಾಪಸು ಬಂದೆನಾ?” ಅವಳ ದನಿ ಏರಿತು. “ಎಂಥ ಸವತಿಯೇ ನಾನು? ಇಷ್ಟು ಕೆಲಸಗೇಡಿಯಾ?”

ಅವಳು ಮೆಟ್ಟಿಲಿಳಿದಳು. ನೀಲಿ ಉಳಿದವಳು ರಂಗದ ಮೆಟ್ಟಿಲು ಇಳಿದದ್ದನ್ನು ಆ ಊರು ಎಂದೂ ನೋಡಿರಲಿಲ್ಲ. ಮಾಸ್ತರ ಓಡಿ ಬಂದ. “ಬೇಡ ಕಣವ್ವ, ಬರುವ ವರ್ಷ ಯಾರಾದರೂ ನಿನಗಿಂತ ಚೆನ್ನಾಗಿ ಹಾಡ್ತಾರೆ, ಆಗ ಬಿಡುಗಡೆ ಆಗುತ್ತೆ.”

“ಚೆನ್ನಾಗಿ ಹಾಡದ ಹಾಗೆ ಕಲಿಸೋನು ನೀನೇ ಅಲ್ಲವೇನಯ್ಯಾ?”

ಮಾಸ್ತರ ದಾರಿ ಬಿಟ್ಟ.

ಅವಳ ಮನೆಗೆ ಹೋಗುವ ದಾರಿ ಯಜಮಾನನ ಮನೆಯ ಮುಂದೆ ಹಾದುಹೋಗುತ್ತಿತ್ತು. ಸುದ್ದಿ ಅವಳಿಗಿಂತ ಮುಂಚೆ ಓಡಿತ್ತು. ಯಜಮಾನ ಬೀದಿಗೆ ಅಡ್ಡ ನಿಂತಿದ್ದ. ಅವನ ಹಿಂದೆ ಗಿರಣಿಯವನು, ಅವನ ಹಿಂದೆ ಊರು.

“ನೀಲಿಯವಳು ಹೊಸ್ತಿಲು ದಾಟಬಾರದು,” ಎಂದ ಯಜಮಾನ. “ಪದ್ಧತಿ.”

“ದಾಟಿದ್ದೀನಲ್ಲ ಯಜಮಾನ್ರೇ. ಇವತ್ತು ಬೆಳಿಗ್ಗೆ ನೀವೆಲ್ಲರೂ ಹೇಳಿದಿರಿ. ನಿಮ್ಮ ಮನೆಯ ಹಿಂದಿನ ಕೋಣೆಯವರೆಗೂ ದಾಟಿದ್ದೀನಿ. ಗಿರಣಿ ದಾಟಿದ್ದೀನಿ. ಇಲ್ಲಿ ನಿಂತಿರೋ ಗಂಡಸರ ಮಲಗೋ ಕೋಣೆ ದಾಟಿ ಅವರ ಹೆಂಡಂದಿರಿಗೆಲ್ಲ ಹೊಡೆದು ಬಂದಿದ್ದೀನಿ. ಇಡೀ ಊರಲ್ಲಿ ನಾನು ದಾಟದ ಹೊಸ್ತಿಲು ಅಂದರೆ ನಂದೊಂದೇ ಅಂದುಕೊಂಡಿದ್ದೆ. ನನ್ನ ತಂಗಿ ಅದನ್ನೂ ದಾಟಿಸಿದಳು. ದಾರಿ ಬಿಡಿ.”

ಜನರಲ್ಲಿ ಗುಜುಗುಜು ಎದ್ದಿತು. ಯಜಮಾನ ಅಲ್ಲಾಡಲಿಲ್ಲ.

“ಬಿಡಲ್ಲವಾ? ಸರಿ, ಹಾಗಾದರೆ ನನ್ನ ಕೆಲಸ ಮುಗಿಸಿಕೊಂಡೇ ಹೋಗ್ತೀನಿ. ಗಡಿಕಲ್ಲು ನೆಟ್ಟವಳು ನಾನು. ನಾನು ನೆಟ್ಟದ್ದನ್ನು ಕೀಳೋಕೆ ಯಾರ ಅಪ್ಪಣೆ ಬೇಕು?”

ಹಿತ್ತಿಲಿಗೆ ನುಗ್ಗಿದಳು. ಗಡಿಕಲ್ಲನ್ನು ಅಪ್ಪಿ ಹಿಡಿದು ಎಳೆದಳು. ಕಲ್ಲು ಜಗ್ಗಲಿಲ್ಲ. ಅವಳು ಹಾಡಿದಳು, ಕದ್ದೆನೆಂದು ನಗುವೆ ನಾನು. ಇನ್ನೊಮ್ಮೆ ಎಳೆದಳು. ಅವಳ ಓಣಿಯ ಹೆಂಗಸರು ಬಾವಿ ಕಳೆದುಕೊಂಡ ದಿನದಿಂದ ಹೊಳೆಗೆ ನಡೆದು ನಡೆದು ಸೋತವರು. ಅವರಲ್ಲಿ ಒಬ್ಬಳು ಬಿಂದಿಗೆ ಕೆಳಗಿಟ್ಟು ಬಂದು ಕಲ್ಲಿಗೆ ಕೈ ಹಚ್ಚಿದಳು. “ನಾನೇನೂ ಮಾಡ್ತಿಲ್ಲಪ್ಪ,” ಎಂದಳು ಯಜಮಾನನ ಕಡೆ ತಿರುಗಿ, “ಎಲ್ಲ ಸವತಿಯೇ ಮಾಡ್ತಿರೋದು.” ಇನ್ನೊಬ್ಬಳು ಬಂದಳು. “ನಾನೂ ಏನೂ ಮಾಡ್ತಿಲ್ಲ.” ಏನೂ ಮಾಡದ ಕೈಗಳೆಲ್ಲ ಸೇರಿ ಕಲ್ಲನ್ನು ಕಿತ್ತು, ಹೊತ್ತು, ಬಾವಿಯ ಈಚೆ ತಂದು ಅದರ ಹಳೆಯ ಗುಂಡಿಯಲ್ಲಿ ಇಳಿಸಿದವು.

ಸವತಿ ಪಟ್ಟದರಾಣಿಯ ಮುಂದೆ ಕೈ ಚಾಚಿದಳು. “ಬೀಗದ ಕೈ.”

“ನನ್ನ ಹತ್ತಿರ ಎಲ್ಲಿದೆ?”

“ಬೀಗ ಹಾಕಿದ್ದು ನಾನು. ಕೀಲಿ ನಿನ್ನ ಸೊಂಟದಲ್ಲಿ ಬಚ್ಚಿಟ್ಟಿದ್ದೂ ನಾನೇ ಇರಬೇಕು. ನನ್ನ ಕೀಲಿ ನನಗೆ ಕೊಡೇ.”

ರಾಣಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬೀಗ ಬಿಚ್ಚಿತು. ಹಿಂದಿನ ಕೋಣೆಯಿಂದ ಯಜಮಾನನ ಹೆಂಡತಿ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಗೋಡೆ ಹಿಡಿದು ಹೊರಗೆ ಬಂದಳು. ನೀಲಿ ಮುಖ ನೋಡಿ ಅವಳು ಹೆದರಲಿಲ್ಲ.

“ನಿನ್ನೆ ಹಾಡಿದ್ದು ನೀನೇನಾ? ಗೋಡೆ ದಾಟಿ ಕೇಳಿಸ್ತಿತ್ತು.” ಆಮೇಲೆ ಜನರ ಕಡೆ ತಿರುಗಿದಳು. “ನನಗೆ ಹುಚ್ಚಿಲ್ಲ, ಬಾಯಾರಿಕೆ ಆಗಿದೆ. ಒಂದು ಲೋಟ ನೀರು ಕೊಡ್ರೋ, ಹಲ್ಕಾಗಳಾ.” ಗಂಡನನ್ನು ಕಂಡು, “ಇನ್ನೂ ಇದ್ದೀಯಾ?” ಎಂದಳು.

ಸವತಿ ಮತ್ತೆ ಬೀದಿಗೆ ಬಂದಳು. ಈಗ ಯಾರೂ ಅಡ್ಡ ನಿಲ್ಲಲಿಲ್ಲ. ಅವಳು ನಡೆಯುತ್ತಲೇ ಒಬ್ಬೊಬ್ಬರನ್ನೂ ನೋಡಿ ಕೇಳುತ್ತಿದ್ದಳು. ನಿನ್ನ ಹೆಂಡತಿಗೆ ಹೊಡೆದವಳು ನಾನಲ್ಲವಾ, ಕರಿ ಅವಳನ್ನ, ಕಾಲಿಗೆ ಬೀಳ್ತೀನಿ, ಯಾಕೆ ಹೊಡೆದೆ ಅಂತ ಊರ ಮುಂದೆ ಹೇಳ್ತೀನಿ. ನಿನ್ನ ತಮ್ಮನನ್ನು ಓಡಿಸಿದವಳು ನಾನಲ್ಲವಾ, ಯಾವ ಊರಿಗೆ ಓಡಿಸಿದೆ ಹೇಳು, ಕರಕೊಂಡು ಬರ್ತೀನಿ. ಒಬ್ಬನ ಮುಂದೆ ನಿಂತಾಗ ಅವನ ಪಕ್ಕದವನು ಬೆವರುತ್ತಿದ್ದ. ಗಿರಣಿಯವನಿಗೆ ತನ್ನ ಸರದಿ ಬರುತ್ತಿರುವುದು ಕಂಡಿತು. ಅವನ ಬಾಯಿಂದಲೇ ಮೊದಲು ಹೊರಟಿತು.

“ಇದು ವೇಷ!”

ಅವಳು ನಿಂತಳು.

“ವೇಷ!” ಎಂದ ಯಜಮಾನ. “ಇದು ಬರೀ ವೇಷ!” ಎಂದಳು ಪಟ್ಟದರಾಣಿ. ಊರಿಗೆ ಊರೇ ಕೂಗಿತು. ಗಂಡಸರು ಓಡಿದರು, ಒಲೆ ಹಚ್ಚಿದರು, ಹಂಡೆ ಹೊತ್ತು ತಂದರು. ಒಬ್ಬರು ಅಂದರೆ ಸಾಕಾಗಿದ್ದ ಮಾತನ್ನು ಎಲ್ಲರೂ ಅನ್ನುತ್ತಿದ್ದರು. ಅವಳು ಮೆಟ್ಟಿಲ ಮೇಲೆ ಕೂತು ಬೇಡಿದ್ದ ಮಾತು ಅದು.

“ವೇಷವಾ?” ಎಂದಳು. “ನಾನು ಏನೂ ಮಾಡಿಲ್ಲವಾ?”

“ಏನೂ ಮಾಡಿಲ್ಲ ಕಣವ್ವ, ನೀನು ಏನೂ ಮಾಡಿಲ್ಲ!”

“ಹಾಗಾದರೆ ಕಲ್ಲು ಸರಿಸಿದ್ದು ಯಾರು?”

ಕೂಗು ನಿಂತಿತು.

“ಈ ಹೆಂಗಸಿಗೆ ಬೀಗ ಹಾಕಿದ್ದು ಯಾರು? ಮಕ್ಕಳು ತಿನ್ನೋ ಹಿಟ್ಟಿಗೆ ಕಲ್ಲು ಬೆರೆಸಿದ್ದು ಯಾರು? ಬಾಯಿ ಬಿಡಿ. ನಿನ್ನೆ ಒಂದು ಮಾತಿಗೆ ಬಾಯಿ ಇರಲಿಲ್ಲ, ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಎಷ್ಟೊಂದು ಬಾಯಿ! ಈಗ ಹೇಳಿ. ಯಾರು?”

ಗಾಳಿ ಒಲೆಗಳ ಹೊಗೆಯನ್ನು ಅವರ ಮುಖಕ್ಕೇ ಊದಿತು. ಗಿರಣಿಯವನು ಕಾಲಿನಲ್ಲಿದ್ದ ಚೆಂದದ ಚಪ್ಪಲಿ ಮೆಲ್ಲಗೆ ಕಳಚಿ ಪಕ್ಕಕ್ಕೆ ತಳ್ಳಿದ. ಅವಳು ಅವರನ್ನೆಲ್ಲ ಒಮ್ಮೆ ನೋಡಿದಳು. ಉತ್ತರಕ್ಕೆ ಕಾಯುವಷ್ಟು ಹೊತ್ತು ಅವಳಲ್ಲಿ ಇರಲಿಲ್ಲ. ತಿರುಗಿ ತನ್ನ ಓಣಿಗೆ ನಡೆದಳು, ಆಮೇಲೆ ಓಡಿದಳು, ತನ್ನ ಮನೆಯ ಹೊಸ್ತಿಲನ್ನು ನೋಡದೆಯೇ ದಾಟಿದಳು.

ಮಗು ತೊಟ್ಟಿಲಲ್ಲಿ ಕಣ್ಣು ತೆರೆದುಕೊಂಡೇ ಇತ್ತು. ನೀಲಿ ಮುಖ ಬಗ್ಗಿದಾಗ ಅದು ಮುಖ ಹೊರಳಿಸಿತು. ಎತ್ತಿಕೊಂಡರೆ ಸೆಟೆದುಕೊಂಡಿತು, ಎದೆಗಿಟ್ಟರೆ ಬಾಯಿ ಬಿಗಿಹಿಡಿಯಿತು. ಅವಳು ಕಣ್ಣು ಮುಚ್ಚಿ ಹಾಡಿದಳು. ಮೆಲ್ಲಗೆ, ಆದರೆ ಒಂದು ಎಳೆಯೂ ಜಾರದ ಹಾಗೆ. ಮಗು ಕೇಳಿತು. ಮೂರನೇ ನುಡಿಗೆ ಬರುವ ಹೊತ್ತಿಗೆ ಬಾಯಿ ತೆರೆಯಿತು. ಮೊದಲು ಹಾಲು ಅದರ ಮೂಗಿಗೆ ಚಿಮ್ಮಿತು, ಮಗು ಕೆಮ್ಮಿತು, ಮತ್ತೆ ಹಿಡಿಯಿತು. ಅದರ ಕೆನ್ನೆ ಬೆವರಿಗೆ ಕರಗಿ ತಾಯಿಯ ಕತ್ತಿನ ಕೆಳಗೆ ಜಿನುಗಿದ್ದ ನೀಲಿಗೆ ತಾಗಿ ನೀಲಿಯಾಯಿತು.

ಊರು ಹಂಡೆಗಳನ್ನು ಹೊತ್ತು ಬಂದು ಬಾಗಿಲ ಹೊರಗೆ ನಿಂತಿತು. ಒಬ್ಬರೂ ಒಳಗೆ ಬರಲಿಲ್ಲ. ಯಜಮಾನನ ದನಿ ಜೇನಿನಲ್ಲಿ ಅದ್ದಿದ ಹಾಗೆ ಬಂತು.

“ಅಮ್ಮಾ, ತಾಯೀ. ನೀರು ಕಾದಿದೆ. ಸ್ವಲ್ಪ ಆಚೆ ಬಾರವ್ವ. ನಾನೇ ನನ್ನ ಕೈಯಾರೆ ತೊಳೀತೀನಿ.”

ಹಿಂದೆಯೇ ಓಡಿ ಬಂದಿದ್ದ ತಂಗಿ ಬಾಗಿಲಲ್ಲಿ ನಿಂತು ಹೊರಗೊಮ್ಮೆ ಒಳಗೊಮ್ಮೆ ನೋಡಿದಳು.

“ಅಕ್ಕಾ, ನೀರು ಆರಿಹೋಗುತ್ತಂತೆ.”

“ಆರಲಿ,” ಎಂದಳು ಅಕ್ಕ, ಮಗುವನ್ನು ಇನ್ನೊಂದು ಎದೆಗೆ ಹೊರಳಿಸಿಕೊಳ್ಳುತ್ತ.